ಚಕ್ರ, ಹಿಡಿ ಮತ್ತು ಪೆಟ್ಟಿಗೆಯಣ್ಣನ ಮಗಳು

ಬೀದಿದೀಪಗಳು ಇನ್ನೂ ಆರಿಲ್ಲ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದೇ ಒಂದು ಅಂಗಡಿಯ ಷಟರ್ ಅರ್ಧ ಮೇಲೆದ್ದಿದೆ. ಬಗ್ಗಿ ಒಳಗೆ ನೋಡಿದರೆ ಪೆಟ್ಟಿಗೆಯಣ್ಣ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಬೋರಲು ಬಿದ್ದ ಸೂಟ್‌ಕೇಸು. ಅದರ ಸವೆದ ಚಕ್ರವನ್ನು ಬೆರಳಿನಿಂದ ತಿರುಗಿಸುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ, ಮತ್ತೆ ತಿರುಗಿಸುತ್ತಾರೆ.

"ಕಲ್ಲು ಹಾಸಿದ ಬೀದಿ. ರೂಮು ಕಾಲೇಜಿಂದ ದೂರ," ಎನ್ನುತ್ತಾರೆ. "ಹುಡುಗ ಟ್ಯಾಕ್ಸಿಗೀಕ್ಸಿ ಹತ್ತಿಲ್ಲ, ಪಾಪ. ಎಳ್ಕೊಂಡೇ ಓಡಾಡಿದಾನೆ. ಅಗ್ಗದ ರೂಮು ಸಿಕ್ಕಿತು ಅಂತ ಮನೇಲಿ ಹೇಳಿರ್ತಾನೆ, ನೋಡಿ ಬೇಕಾದ್ರೆ."

ಪೆಟ್ಟಿಗೆಯಣ್ಣ ಊರುಬಿಟ್ಟು ಊರಿಗೆ ಹೋದವರಲ್ಲ, ಇನ್ನು ವಿದೇಶದ ಮಾತೆಲ್ಲಿ ಬಂತು! ಆದರೂ ಹೊರದೇಶದಲ್ಲಿ ಓದಲು ಹೊರಟ ಹುಡುಗರು, ಅವರ ಅಪ್ಪ ಅಮ್ಮಂದಿರು, ಹೊಸ ಸೂಟ್‌ಕೇಸು ಕೊಳ್ಳುವ ನೆಪದಲ್ಲಿ ಬಂದು ಇವರ ಮುಂದೆ ಸ್ಟೂಲೆಳೆದು ಕೂರುತ್ತಾರೆ. ಯಾವ ಊರಲ್ಲಿ ಬದುಕು ಅಗ್ಗ, ಯಾವ ಊರು ದುಬಾರಿ ಎಂಬುದೇ ಅವರ ತಲೆಬಿಸಿ. ಹೋಗಿ ಬಂದವರ ಪೆಟ್ಟಿಗೆಗಳು ದಿನಕ್ಕೆ ಆರೇಳು ಇಲ್ಲಿಗೆ ರಿಪೇರಿಗೆ ಬರುತ್ತವಲ್ಲ, ಪೆಟ್ಟಿಗೆಯಣ್ಣನ ತಿಳಿವಳಿಕೆಯೆಲ್ಲ ಆ ಪೆಟ್ಟಿಗೆಗಳು ಕೊಟ್ಟದ್ದು. ಅದರಲ್ಲಿ ಅರ್ಧ ಪಾಲು ಅವರ ಹೆಂಡತಿಯದ್ದು. ಒಳಗಿನ ಅಸ್ತರಿ ಬಟ್ಟೆ ಹರಿದಿದ್ದರೆ ಬಿಚ್ಚಿ ಹೊಲಿಯುವವರು ಅವರೇ.

"ಅಸ್ತರಿ ಸಂದೀಲಿ ಅಕ್ಕಿಕಾಳು ಸಿಕ್ಕಿದ್ರೆ ಅಲ್ಲಿ ಹೊರಗಡೆ ಊಟ ಕೈಗೆಟುಕಲ್ಲ, ಇಲ್ಲಿಂದ್ಲೇ ಹೊತ್ಕೊಂಡು ಹೋಗಿದಾರೆ ಅಂತ," ಎಂದು ಅವರು ಹೊಲಿಗೆ ಯಂತ್ರದ ಮೇಲಿಂದ ತಲೆ ಎತ್ತದೆ ಹೇಳುತ್ತಾರೆ. "ಸಿನಿಮಾ ಟಿಕೇಟು ಸಿಕ್ಕಿದ್ರೆ ನಂಗೆ ಖುಷಿ. ಸದ್ಯ, ಮಗು ಒಂದು ದಿನವಾದ್ರೂ ನಕ್ಕಿದೆಯಲ್ಲ ಅಂತ."

ಅಂಗಡಿ ಇಟ್ಟದ್ದು ಪೆಟ್ಟಿಗೆಯಣ್ಣನ ತಂದೆ. ಆಗ ಇಲ್ಲಿ ತಗಡಿನ ಟ್ರಂಕುಗಳ ಕಾಲ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಸಿಕೊಳ್ಳಲು ಮನೆಮಂದಿಯೆಲ್ಲ ಬರುತ್ತಿದ್ದರು. ಬಣ್ಣ ಒಣಗುವ ತನಕ ಜಗಲಿಯ ಮೇಲೆ ಕೂತು ಹರಟೆ. ಹೊರಡುವವನಿಗೆ ಅತ್ತೆ ಒಂದು ಬುದ್ಧಿ ಹೇಳಿದರೆ ಚಿಕ್ಕಪ್ಪ ಇನ್ನೊಂದು. ಆ ಬಣ್ಣದ ವಾಸನೆ ಎಂದರೆ ಪೆಟ್ಟಿಗೆಯಣ್ಣನಿಗೆ ಈಗಲೂ ಪ್ರಾಣ. ಖಾಲಿಯಾದ ಒಂದು ಡಬ್ಬಿಯನ್ನು ಸುಮ್ಮನೆ ಇಟ್ಟುಕೊಂಡಿದ್ದಾರೆ, ಆಗಾಗ ಮುಚ್ಚಳ ತೆಗೆದು ಮೂಸುತ್ತಾರೆ.

"ಈಗ ಎಲ್ಲಾ ತೂಕದ ಮೇಲೆ," ಎಂದು ನಿಟ್ಟುಸಿರು ಬಿಡುತ್ತಾರೆ. "ಆಗ ಪೆಟ್ಟಿಗೆ ಅಂದ್ರೆ ಮನೇಲಿ ಒಬ್ಬರು ಇದ್ದಂಗೆ. ಅದು ಹೊರಟರೂ ಅಳ್ತಿದ್ರು, ಬಂದರೂ ಅಳ್ತಿದ್ರು."

ಹಿಂದಿನ ಕೋಣೆಯ ತುಂಬ ವಾರಸುದಾರರಿಲ್ಲದ ಪೆಟ್ಟಿಗೆಗಳಿವೆ. ರಿಪೇರಿಗೆ ಕೊಟ್ಟವರು ಮತ್ತೆ ಬರಲೇ ಇಲ್ಲ. "ಬಂದೇ ಬರ್ತಾರೆ, ಇಟ್ಟಿರು" ಎಂದು ತಂದೆ ಹೇಳಿ ಹೋದದ್ದಕ್ಕೆ ಮಗ ಇಂದಿಗೂ ತಿಂಗಳಿಗೊಮ್ಮೆ ಅವುಗಳ ಧೂಳು ಒರೆಸುತ್ತಾರೆ. ಪಕ್ಕದ ಪುಸ್ತಕದಂಗಡಿಯವರು ಆ ಕೋಣೆಯನ್ನು ಬಾಡಿಗೆಗೆ ಕೊಡಿ ಎಂದು ಕೇಳಿ ಕೇಳಿ ಸುಸ್ತಾಗಿದ್ದಾರೆ.

ಚಕ್ರ ನೋಡಿ ಹೇಳುವ ಈ ವಿದ್ಯೆ ಒಮ್ಮೆ ಇವರಿಗೇ ಕೈಕೊಟ್ಟಿತ್ತು. ನದಿ ದಂಡೆಯ ಒಂದು ಊರಿನಿಂದ ಬರುವ ಸೂಟ್‌ಕೇಸುಗಳ ಚಕ್ರ ಸವೆದಿರುತ್ತಲೇ ಇರಲಿಲ್ಲ. ಬಾಡಿಗೆಯೂ ಕಮ್ಮಿ ಎಂದು ಎಲ್ಲರ ಬಾಯಲ್ಲೂ ಕೇಳಿದ್ದರು. ಸರಿ, ಕಾಲೇಜಿನ ಪಕ್ಕದಲ್ಲೇ ರೂಮು, ಹುಡುಗರು ಆರಾಮಾಗಿದ್ದಾರೆ ಎಂದುಕೊಂಡರು. ಕೇಳಿದವರಿಗೆಲ್ಲ "ಕಣ್ಮುಚ್ಕೊಂಡು ಅಲ್ಲಿಗೆ ಹೋಗಿ" ಎಂದರು. ಆ ಮಾತು ನಂಬಿ ಪಕ್ಕದ ಬೀದಿಯ ದರ್ಜಿಯ ಮಗಳು ಹೋದಳು. ಓದು ಮುಗಿಸಿ ಬಂದಾಗ ಅವಳ ಸೂಟ್‌ಕೇಸಿನ ಚಕ್ರ ಥಳಥಳ ಹೊಳೆಯುತ್ತಿತ್ತು, ಹಿಡಿ ಮಾತ್ರ ಕಿತ್ತು ಬಂದಿತ್ತು. ಯಾಕಮ್ಮ ಎಂದು ಕೇಳಿದರೆ, "ಆರನೇ ಮಹಡಿ ಅಣ್ಣ, ಲಿಫ್ಟಿಲ್ಲ. ಅಗ್ಗದ ರೂಮೆಲ್ಲ ಅಲ್ಲೇ ಇರೋದು. ಎತ್ಕೊಂಡೇ ಹತ್ತಬೇಕು," ಎಂದಳು. ರಜೆಯಲ್ಲಿ ಎಲ್ಲಿಗಾದರೂ ಹೋಗಿದ್ದೆಯಾ ಎಂದರೆ, "ಸುತ್ತಾಡೋಕೆ ದುಡ್ಡೆಲ್ಲಿತ್ತು ಅಣ್ಣ?" ಎಂದು ನಕ್ಕಳು.

ಪೆಟ್ಟಿಗೆಯಣ್ಣ ಆ ಕಿತ್ತ ಹಿಡಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಆ ಊರಿನ ಪೆಟ್ಟಿಗೆಗೆಲ್ಲ ನಾನೇ ಹೊಸ ಹಿಡಿ ಹಾಕಿದೀನಿ. ಕಳಪೆ ಮಾಲು ಅಂತ ಹಿಡಿ ಮಾಡೋರನ್ನ ಬೈಕೊಂಡು ಹಾಕ್ತಿದ್ದೆ. ಮಕ್ಕಳು ಮೆಟ್ಟಿಲು ಹತ್ತಿ ಹತ್ತಿ ಕಿತ್ತಿರೋದು ಅಂತ ಹೊಳೀಲೇ ಇಲ್ಲ ನನ್ನ ಮಂಕು ಬುದ್ಧಿಗೆ."

ಇಷ್ಟೆಲ್ಲ ಈಗ ಹೇಳಲು ಕಾರಣವಿದೆ. ಪೆಟ್ಟಿಗೆಯಣ್ಣನ ಒಬ್ಬಳೇ ಮಗಳಿಗೆ ಹೊರದೇಶದ ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿದೆ. ಒಂದು ಅದೇ ನದಿಯ ಊರು. ಇನ್ನೊಂದು ಬಂದರಿನ ಊರು, ಅಲ್ಲಿ ಬಾಡಿಗೆ ಹೆಚ್ಚುಕಮ್ಮಿ ಎರಡರಷ್ಟು. ಎಲ್ಲಿಗೆ ಬರುತ್ತೇನೆಂದು ಅವಳು ಇವತ್ತು ಸಂಜೆಯೊಳಗೆ ತಿಳಿಸಬೇಕು. ಮಗಳು ಫೋನಿನಲ್ಲಿ ಎರಡೂ ಊರಿನ ಬಾಡಿಗೆ, ಊಟ, ಫೀಸು ಎಲ್ಲವನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದಾಳೆ. ನದಿಯ ಊರೇ ಮನೆಯ ಉಳಿತಾಯಕ್ಕೆ ಸರಿಹೊಂದುತ್ತದೆ.

"ಅಪ್ಪ, ಆರು ಮಹಡಿ ಹತ್ತಿದ್ರೆ ನನಗೇನಾಗತ್ತೆ? ಹೊಟ್ಟೆ ಕರಗತ್ತೆ ಅಷ್ಟೇ," ಎನ್ನುತ್ತಾಳೆ. ಅಪ್ಪ ನಗುವುದಿಲ್ಲ. ಅಂಗಡಿಯ ಪಾಡು ಅವಳಿಗೆ ಗೊತ್ತು, ಅದಕ್ಕೇ ಹಾಗೆನ್ನುತ್ತಾಳೆ ಎಂಬುದು ಅವರಿಗೂ ಗೊತ್ತು.

ಮಧ್ಯಾಹ್ನ ದರ್ಜಿಯ ಮಗಳನ್ನೇ ಅಂಗಡಿಗೆ ಕರೆಸುತ್ತಾರೆ. ಅವಳೀಗ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಮಗಳು ಎಷ್ಟು ಖರ್ಚಾಗತ್ತೆ ಎಂದು ಕೇಳುವುದೇ ಇಲ್ಲ. "ಅಕ್ಕ, ಹುಷಾರಿಲ್ಲದ ದಿನ ಏನು ಮಾಡ್ತಿದ್ದೆ?" ಎನ್ನುತ್ತಾಳೆ.

ದರ್ಜಿಯ ಮಗಳು ಸ್ಟೂಲೆಳೆದು ಕೂರುತ್ತಾಳೆ. "ಒಂದ್ಸಲ ಜ್ವರ ಬಂದಿತ್ತು. ಇಳಿದು ಹೋಗಿ ಬ್ರೆಡ್ ತರೋ ಶಕ್ತಿ ಇರ್ಲಿಲ್ಲ. ಚಳಿಗೆ ಹೀಟರ್ ಹಾಕಿದ್ರೆ ಅದಕ್ಕೆ ಬೇರೆ ಬಿಲ್ಲು. ಇದ್ದ ಬಟ್ಟೆಯೆಲ್ಲ ಹೊದ್ಕೊಂಡು ಮಲಗಿದ್ದೆ. ಆವತ್ತು ಅಪ್ಪ ಫೋನ್ ಮಾಡಿದ್ರು. ಈಗಷ್ಟೇ ಊಟ ಆಯ್ತು ಅಂದೆ."

ಹೊಲಿಗೆ ಯಂತ್ರ ನಿಂತುಹೋಗುತ್ತದೆ. ತಾಯಿಯ ಕಣ್ಣು ತುಂಬಿದೆ. ಮಗಳು ಫೋನು ತೆಗೆದು ಬಂದರಿನ ಊರಿನ ಲೆಕ್ಕವನ್ನು ಮತ್ತೆ ನೋಡುತ್ತಾಳೆ. ಅಲ್ಲಿ ರೂಮು ಕಾಲೇಜಿನ ಆವರಣದೊಳಗೇ ಇದೆ. ಬಾಡಿಗೆಯಲ್ಲೇ ಹೀಟರು, ನೀರು, ಅಡುಗೆಮನೆ ಎಲ್ಲ ಸೇರಿದೆ. ಬಸ್ಸು ಬೇಡ. ಎರಡೂ ಊರಿನ ಖರ್ಚಿನ ಅಂತರ ಅರ್ಧಕ್ಕರ್ಧ ಇಳಿಯುತ್ತದೆ. ಆದರೆ ಉಳಿದರ್ಧ?

ಪೆಟ್ಟಿಗೆಯಣ್ಣ ಎದ್ದು ಹಿಂದಿನ ಕೋಣೆಯ ಬೀಗ ತೆಗೆದಿಟ್ಟು, ಬೀಗದ ಕೈ ಹಿಡಿದು ಪಕ್ಕದ ಪುಸ್ತಕದಂಗಡಿಗೆ ಹೋಗುತ್ತಾರೆ. ಬರುವಾಗ ಬೀಗದ ಕೈ ಇಲ್ಲ.

"ರೀ, ಮಾವ ಇಡು ಅಂದಿದ್ರಲ್ಲ," ಎನ್ನುತ್ತಾರೆ ಹೆಂಡತಿ, ಮೆಲ್ಲಗೆ.

"ಪೆಟ್ಟಿಗೆ ಇಡು ಅಂದಿದ್ರು. ಕೋಣೆ ಇಡು ಅಂದಿರ್ಲಿಲ್ಲ. ಇಲ್ಲೇ ಅಟ್ಟದ ಮೇಲೆ ಒತ್ತೊತ್ತಾಗಿ ಜೋಡಿಸ್ತೀನಿ. ಅಪ್ಪ ಬೈದ್ರೆ ಬೈಸ್ಕೋತೀನಿ ಬಿಡೆ."

ಸಂಜೆಗೆ ಮುಂಚೆಯೇ ಮಗಳು ಬಂದರಿನ ಊರಿಗೆ ಬರುತ್ತೇನೆಂದು ತಿಳಿಸುತ್ತಾಳೆ. ಆಮೇಲೆ ಮೂವರೂ ಸೇರಿ ಕೋಣೆ ಖಾಲಿ ಮಾಡುತ್ತಾರೆ. ಒಂದೊಂದು ಪೆಟ್ಟಿಗೆ ಹೊರಬಂದಾಗಲೂ ಪೆಟ್ಟಿಗೆಯಣ್ಣ ಅದರ ಕಥೆ ಹೇಳದೆ ಬಿಡುವುದಿಲ್ಲ, ಕೆಲಸ ಸಾಗುವುದಿಲ್ಲ. ಮೂಲೆಯಲ್ಲಿ ಒಂದು ಹಸಿರು ಸೂಟ್‌ಕೇಸು ಸಿಗುತ್ತದೆ. ಚಕ್ರ ಹಾಕಿಡಿ ಎಂದು ಯಾರೋ ಕೊಟ್ಟು ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಹೆಂಡತಿ ಹೊಲಿಯಲು ಕೂತಾಗ ಹಸುಗೂಸು ಮಗಳನ್ನು ಅದರೊಳಗೆ ಹಳೇ ಸೀರೆ ಹಾಸಿ ಮಲಗಿಸುತ್ತಿದ್ದರು. ಮುಚ್ಚಳ ಎಲ್ಲಿ ಬಿದ್ದೀತೋ ಎಂದು ಪೆಟ್ಟಿಗೆಯಣ್ಣ ಅದಕ್ಕೊಂದು ಕಟ್ಟಿಗೆ ಕೊಟ್ಟು ನಿಲ್ಲಿಸಿದ್ದರು. ಆ ಕಟ್ಟಿಗೆಯೂ ಒಳಗೇ ಇದೆ.

"ನನಗೆ ಇದೇ ಬೇಕು," ಎನ್ನುತ್ತಾಳೆ ಮಗಳು.

ಮಾರನೆಯ ಬೆಳಗ್ಗೆ ಮತ್ತೆ ಅರ್ಧ ಷಟರ್, ಮತ್ತೆ ಅದೇ ದೀಪ. ತೊಡೆಯ ಮೇಲೆ ಹಸಿರು ಸೂಟ್‌ಕೇಸು. ಪೆಟ್ಟಿಗೆಯಣ್ಣ ಕೊನೆಗೂ ಅದಕ್ಕೆ ಚಕ್ರ ಹಾಕುತ್ತಿದ್ದಾರೆ. ಹಿಡಿಗೆ ಎರಡೆರಡು ಸ್ಕ್ರೂ ಬಿಗಿಯುತ್ತಾರೆ. ಆಸೆ ಏನು ಎಂದು ಕೇಳಿದರೆ ತಲೆ ಎತ್ತದೆ ಹೇಳುತ್ತಾರೆ: "ಹಿಡಿ ಹೀಗೇ ಗಟ್ಟಿಯಾಗಿರ್ಲಿ. ಚಕ್ರ ಮಾತ್ರ ಪೂರ್ತಿ ಸವೆದು ಬರ್ಲಿ. ಚೆನ್ನಾಗಿ ಸುತ್ತಾಡ್ಲಿ ನನ್ನ ಮಗಳು."

ಅವಳು ಮರಳುವಷ್ಟರಲ್ಲಿ ಪೆಟ್ಟಿಗೆಯ ವಾರಸುದಾರ ಬಂದು ಕೇಳಿದರೆ?

ಚಕ್ರವನ್ನು ಬೆರಳಿನಿಂದ ಒಮ್ಮೆ ತಿರುಗಿಸುತ್ತಾರೆ. ಸದ್ದಿಲ್ಲ. "ಓದಕ್ಕೆ ಹೋಗಿದೆ, ಬಂದೇ ಬರತ್ತೆ, ಕೂತ್ಕೊಳ್ಳಿ ಅಂತೀನಿ."