ಪೂವಮ್ಮನ ಎಲೆ

ಹೊನ್ನಮ್ಮನಿಗೆ ಒಬ್ಬ ಸವತಿ ಇದ್ದಳು. ಅವಳು ಸತ್ತು ಹೋಗಿದ್ದಳು, ತಕರಾರು ಇದ್ದದ್ದೇ ಅದರಲ್ಲಿ. ಬದುಕಿರುವ ಸವತಿಯ ಜೊತೆ ಜಡೆ ಹಿಡಿದು ಜಗಳವಾಡಬಹುದು. ಅವಳಿಗೂ ವಯಸ್ಸಾಗುತ್ತದೆ, ಹಲ್ಲು ಉದುರುತ್ತದೆ, ಒಂದಲ್ಲ ಒಂದು ದಿನ ಅವಳ ಸಾರೂ ತಳಹಿಡಿಯುತ್ತದೆ. ಸತ್ತವಳ ಸಾರು ಯಾವತ್ತೂ ತಳಹಿಡಿಯುವುದಿಲ್ಲ. ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂಬ ಗಾದೆ ಕಟ್ಟಿದವಳು ಯಾರೋ ಎರಡನೆಯ ಹೆಂಡತಿಯೇ ಇರಬೇಕು ಎಂದು ಹೊನ್ನಮ್ಮನ ಅಂಬೋಣ.

ನಾಪೋಕ್ಲಿನ ಹತ್ತಿರ ಹೊಳೆಯಾಚೆಯ ಗದ್ದೆಬಯಲಿನ ಅಂಚಿನಲ್ಲಿ ಅವಳ ಗಂಡ ಮೊಣ್ಣಪ್ಪನ ಮನೆ. ಒಂದು ಜೊತೆ ಎತ್ತು, ಒಂದು ಗಾಡಿ, ಊಟಕ್ಕೆ ಸಾಲುವಷ್ಟು ಗದ್ದೆ. ಬೆಟ್ಟದ ಮೇಲಿನ ದೊರೆಯ ಎಸ್ಟೇಟಿನಿಂದ ಕಾಫಿ ಮೂಟೆ ಹೇರಿಕೊಂಡು ಘಟ್ಟ ಇಳಿಯುವುದು ಅವನ ಕಸುಬು. ಮೊದಲ ಹೆಂಡತಿ ಪೂವಮ್ಮ ಒಂದು ಹೆಣ್ಣುಕೂಸು ಹೆತ್ತು ಬಾಣಂತಿಜ್ವರದಲ್ಲಿ ತೀರಿಕೊಂಡಳು. ಕೂಸಿನ ಹೆಸರು ಯಮುನ. ಅದು ಅಂಬೆಗಾಲಿಡುವ ಹೊತ್ತಿಗೆ, ಜರ್ಮನ್ ಯುದ್ಧದ ಸುದ್ದಿ ಇನ್ನೂ ಈ ಕಡೆ ಬಂದಿರದ ಕಾಲದಲ್ಲಿ, ಹೊನ್ನಮ್ಮ ಆ ಮನೆಯ ಹೊಸ್ತಿಲು ದಾಟಿದಳು.

ಅವಳು ಮದುವೆಯಾಗಿ ಬಂದ ದಿನವೇ ಒಂದು ಘಟನೆ ನಡೆಯಿತು. ಹೊಳೆ ತುಂಬಿತ್ತು, ದೋಣಿಯಲ್ಲಿ ದಾಟಬೇಕಿತ್ತು. ತವರಿನವರು ಕೊಟ್ಟ ಹೇಂಟೆ ಕಾಲಿನ ಕಟ್ಟು ಬಿಚ್ಚಿಕೊಂಡು ನೀರಿಗೆ ಹಾರಿತು. ಹೊನ್ನಮ್ಮ ಹಿಂದೆಮುಂದೆ ನೋಡದೆ, ಉಟ್ಟ ಹೊಸ ಸೀರೆಯಲ್ಲೇ ಅದರ ಹಿಂದೆ ಹಾರಿದಳು. ಹೊಳೆಬದಿಯಲ್ಲಿ ಹುಟ್ಟಿ ಬೆಳೆದವಳು, ಅವಳಿಗೆ ನೀರೇನು ಹೊಸದೇ? ಕೋಳಿಯ ಕತ್ತು ಹಿಡಿದು ದಡ ಹತ್ತಿ ನಿಂತಾಗ ಮೊಣ್ಣಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಪೂವಮ್ಮ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು ಎಂದು ಅಂಬಿಗನೂ ಹೇಳಿದ. ಆ ನಗುವನ್ನು ಹೊನ್ನಮ್ಮ ತವರಿನ ಒಡವೆಗಿಂತ ಜೋಪಾನವಾಗಿ ಇಟ್ಟುಕೊಂಡಳು.

ಆಮೇಲೆ ಅವನು ಅಷ್ಟು ನಗಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ, ಪೂವಮ್ಮನ ಬಗ್ಗೆ ತುಟಿ ಪಿಟಕ್ಕೆನ್ನಲೂ ಇಲ್ಲ. ಹೊಗಳಿದ್ದರೆ ಹೊನ್ನಮ್ಮ ಎದುರುತ್ತರ ಕೊಡಬಹುದಿತ್ತು. ಆ ಮೌನದೊಳಗೆ ಅವನು ಸತ್ತವಳನ್ನೇ ಬಚ್ಚಿಟ್ಟುಕೊಂಡಿದ್ದಾನೆ ಎಂದು ಹೊನ್ನಮ್ಮನ ಮೈಯೆಲ್ಲ ಉರಿಯಿತು. ಅತ್ತೆಯಂತೂ ಕೂಸಿಗೆ ಮಾತು ಕಲಿಸುವಾಗಲೇ, "ಇವ್ಳು ಚಿಕ್ಕವ್ವ. ನಿನ್ನ ಅವ್ವ ಅಲ್ಲಿ ಉಟ್ಟು," ಎಂದು ತೀರಿಹೋದ ಹಿರಿಯರಿಗೆ ಬಡಿಸುವ ಒಳಕೋಣೆಯ ಕಡೆ ಬೆರಳು ತೋರಿಸಿದ್ದಳು. ಹೊನ್ನಮ್ಮನ ಹೊಟ್ಟೆಯಲ್ಲಿ ಒಂದೂ ಹುಟ್ಟಲಿಲ್ಲ. ಯಮುನಳ ಮೂಗು ಒರೆಸಿದವಳು, ತಲೆ ಬಾಚಿದವಳು, ಜ್ವರಕ್ಕೆ ಕಷಾಯ ಕುಡಿಸಿದವಳು ಅವಳೇ. ಆದರೂ ಅವಳು ಚಿಕ್ಕವ್ವ, ಕತ್ತಲೆಕೋಣೆಯಲ್ಲಿ ಇರುವವಳು ಅವ್ವ.

ಹೊಟ್ಟೆಕಿಚ್ಚು ಸುಮ್ಮನೆ ಕೂರುತ್ತದೆಯೆ? ಸವತಿ ಎಂಥವಳು ಎಂದು ತಿಳಿಯದೆ ಹೊನ್ನಮ್ಮನಿಗೆ ತುತ್ತು ಇಳಿಯುತ್ತಿರಲಿಲ್ಲ. ಗದ್ದೆ ಕೆಲಸಕ್ಕೆ ಬರುವ ಕೆಂಚಿ ಪೂವಮ್ಮನನ್ನು ಹತ್ತಿರದಿಂದ ಕಂಡವಳು. ಅವಳಿಗೆ ಎಲೆಯಡಿಕೆ ಕೊಟ್ಟು, ಒಣಮೀನು ಕೊಟ್ಟು, ಹೊನ್ನಮ್ಮ ಕೆದಕಿ ಕೆದಕಿ ಕೇಳಿದಳು. ಪೂವಮ್ಮ ಎಡಗೈಯಲ್ಲಿ ಅರೆಯುತ್ತಿದ್ದಳಂತೆ. ನೀರೆಂದರೆ ಹೆದರಿ ಸಾಯುತ್ತಿದ್ದಳಂತೆ, ದೋಣಿಯಲ್ಲಿ ಕಣ್ಣು ಮುಚ್ಚಿಯೇ ಕೂರುತ್ತಿದ್ದಳಂತೆ. ಸಿಟ್ಟು ಬಂದರೆ ಮಾತು ತೊದಲುತ್ತಿತ್ತಂತೆ. ಗದ್ದೆಯ ಏಡಿ ಎಂದರೆ ಪ್ರಾಣ. ಬಸುರಿಯಾದಾಗ ತಿನ್ನಬಾರದೆಂದು ಅತ್ತೆ ತಡೆದರೂ ಕೆಂಚಿ ಕದ್ದು ತಂದು ಕೊಡುತ್ತಿದ್ದಳು. ಪೂವಮ್ಮ ಹಲಸಿನ ಬುಡದಲ್ಲಿ ಕೂತು ಕಾಲುಕಾಲೂ ಚೀಪುತ್ತಿದ್ದಳು. ಕೇಳಿದಷ್ಟೂ ಸಂಕಟ, ಕೇಳದಿದ್ದರೆ ಇನ್ನೂ ಸಂಕಟ. ಹೀಗೆ ಸತ್ತವಳ ಪೂರ್ತಿ ಬದುಕು ಹೊನ್ನಮ್ಮನ ಹೊಟ್ಟೆ ಸೇರಿತು.

ಪ್ರತಿ ವರ್ಷ ಮಳೆ ಜಡಿಯುವ ಆಟಿ ತಿಂಗಳಲ್ಲಿ ಆ ಮನೆಯಲ್ಲಿ ಹಿರಿಯರಿಗೆ ಬಡಿಸುತ್ತಾರೆ. ಒಳಕೋಣೆಯಲ್ಲಿ ಸಾಲಾಗಿ ಎಲೆ ಹಾಕಿ, ಯಾರು ಬದುಕಿದ್ದಾಗ ಏನು ಇಷ್ಟಪಟ್ಟಿದ್ದರೋ ಅದನ್ನೇ ಅವರವರ ಎಲೆಗೆ ಇಟ್ಟು, ದೀಪ ಹಚ್ಚಿ ಬಾಗಿಲು ಹಾಕುವುದು. ಅವರು ಉಂಡ ಮೇಲೆ ಬಾಗಿಲು ತೆಗೆದು ಮನೆಯವರ ಊಟ. ಅದಕ್ಕೆ ಮುಂಚೆ ಯಾರೂ ಒಂದು ಅಗುಳೂ ಬಾಯಿಗೆ ಹಾಕುವಂತಿಲ್ಲ. ಮಾವನ ಎಲೆಗೆ ಹಂದಿಮಾಂಸ, ಸಾರಾಯಿ. ಅತ್ತೆ ಹೋದ ಮೇಲೆ ಅವಳಿಗೆ ಕಡುಬು. ಪೂವಮ್ಮನ ಎಲೆಗೆ ಮಾತ್ರ ಬರೀ ಅನ್ನ, ಎಲ್ಲರಿಗೂ ಮಾಡಿದ ಸಾರು. ಅವಳಿಗೆ ಏನು ಇಷ್ಟವಿತ್ತು ಎಂದು ಯಮುನ ಕೇಳಿದಾಗಲೆಲ್ಲ ಹೊನ್ನಮ್ಮ, "ಯಾರಿಗೆ ಗೊತ್ತು? ನಾ ಕಂಡವ್ಳಾ?" ಎಂದುಬಿಡುತ್ತಿದ್ದಳು. ಹೊರಗೆ ಗದ್ದೆಯ ಬದುವಿನ ತುಂಬ ಏಡಿ ಹರಿದಾಡುತ್ತಿರುತ್ತಿದ್ದವು. ಮಣ್ಣಿನ ಗೊಂಬೆಯಾದರೂ ಸವತಿ ಸವತಿಯೇ ಅಲ್ಲವೆ?

ಯಮುನ ಮೂರ್ನಾಡಿಗೆ ಮದುವೆಯಾಗಿ ಹೋದಳು. ಮೋಟಾರು ಲಾರಿ ಬಂದು ಮೊಣ್ಣಪ್ಪನ ಗಾಡಿ ಮೂಲೆ ಸೇರಿತು. ಒಂದು ಮಳೆಗಾಲದ ಜ್ವರದ ನಂತರ ಅವನ ತಲೆಯೂ ಗಾಡಿಯ ಹಾಗೆಯೇ ಆಯಿತು. ನಿನ್ನೆಯದು ಇಂದಿಗೆ ಮರೆತು ಹೋಗುತ್ತಿತ್ತು. ಆದರೆ ಅಷ್ಟು ವರ್ಷ ಬಿಗಿಹಿಡಿದಿದ್ದ ಬಾಯಿ ಬಿಚ್ಚಿಕೊಂಡಿತು.

ಆ ಸಲದ ಆಟಿಗೆ ಯಮುನ ಮುಂಚೆಯೇ ಬಂದಳು. ಜಗಲಿಯಲ್ಲಿ ಅಪ್ಪನ ಕಾಲಿಗೆ ಎಣ್ಣೆ ತಿಕ್ಕುತ್ತ, "ಅಪ್ಪಾ, ಅವ್ವ ಹೆಂಗಿತ್ತ್?" ಎಂದು ಕೇಳಿದಳು. ಪೂವಮ್ಮನ ಮಾತಿಗೆ ಮಾತ್ರ ಅವನು ಎಂದಿನಂತೆ ಬಾಯಿ ಬಿಡುವುದಿಲ್ಲ ಎಂದುಕೊಂಡು ಹೊನ್ನಮ್ಮ ಅಡುಗೆಮನೆಯಲ್ಲಿ ಬಿದಿರಿನ ಎಳೆ ಮೊಳಕೆಯ ಕಣಿಲೆ ಹೆಚ್ಚುತ್ತಿದ್ದಳು.

"ನಿನ್ನ ಅವ್ವನ?" ಮೊಣ್ಣಪ್ಪ ನಕ್ಕ. "ಎಂಥ ಗಟ್ಟಿಗಿತ್ತಿ ಗೊತ್ತುಟ್ಟಾ? ಮದುವೆ ದಿನ ದೋಣಿಂದ ಕೋಳಿ ನೀರಿಗೆ ಬಿತ್ತ್. ಅವ್ಳೂ ಹಿಂದೆನೇ ದುಡುಂ! ಹೊಸ ಸೀರೆ! ನಂಗೆ ನಕ್ಕೂ ನಕ್ಕೂ ಹೊಟ್ಟೆ ನೋವು ಬಾತ್."

ಹೊನ್ನಮ್ಮನ ಕೈಯ ಕತ್ತಿ ನಿಂತಿತು.

"ಮತ್ತೆ ಕಣಿಲೆ ಅಂದ್ರೆ ಜೀವ. ಬಿದಿರು ಮೆಳೆಗೆ ತಾನೇ ನುಗ್ಗಿ ಮುರ್ಕಂಡು ಬರ್ತಿತ್ತ್. ಕಾಲಿಗೆ ಇಂಬಳ ಹತ್ತಿ ರಕ್ತ ಹೀರಿರೂ ಗೊತ್ತಾಗ್ತಿರ್ಲೆ."

ಹೊನ್ನಮ್ಮ ಎದ್ದಳೋ ಹಾರಿದಳೋ, ಜಗಲಿಯಲ್ಲಿ ಇದ್ದಳು. "ಅದ್ ನಾನ್! ಕೋಳಿ ಹಿಂದೆ ಹಾರ್ದ್ ನಾನ್! ಕಣಿಲೆ ತಿಂಬವ್ಳೂ ನಾನ್!"

ಮೊಣ್ಣಪ್ಪ ಅವಳನ್ನು ದಿಟ್ಟಿಸಿ ನೋಡಿ, "ನೀ ಆಗ ಎಲ್ಲಿದ್ದೆ?" ಎಂದ.

ಯಮುನಳ ಕಣ್ಣು ತುಂಬಿತ್ತು. ಹುಟ್ಟಿದಾಗಿನಿಂದ ಹಸಿದಿದ್ದವಳಿಗೆ ಈಗ ತಾನೆ ಒಂದು ತುತ್ತು ಸಿಕ್ಕಿತ್ತು. "ಚಿಕ್ಕವ್ವಾ, ಇದೊಂದಾದ್ರೂ ಅವ್ವಂಗೆ ಬಿಡಿ," ಎಂದಳು. "ನಿಮ್ಗೆ ಮನೆ ಉಟ್ಟು, ಅಪ್ಪ ಉಟ್ಟು. ಅವ್ವಂಗೆ ಎಂತ ಉಟ್ಟು? ಸತ್ತವ್ಳ ಮೇಲೆ ಇಷ್ಟ್ ಹೊಟ್ಟೆಕಿಚ್ಚಾ?"

ಅವಳನ್ನು ನಂಬುವವರು ಯಾರಿದ್ದರು? ಊರಿಗೆಲ್ಲ ಅವಳ ಹೊಟ್ಟೆಕಿಚ್ಚು ಗೊತ್ತಿತ್ತು. ಪೂವಮ್ಮ ನೆಟ್ಟ ಮಲ್ಲಿಗೆಯನ್ನು ಬೇರುಸಹಿತ ಕೀಳಿಸಿದವಳು ಅವಳೇ. ಅವಳ ನಿಜ ಈಗ ಯಾರಿಗೂ ಬೇಡವಾಗಿತ್ತು. ಗಂಡನ ತಲೆಯೊಳಗೆ, ತಾನು ಅಷ್ಟು ವರ್ಷ ಬಾಳಿದ ಬಾಳಿಗೆ ಇನ್ನೊಬ್ಬಳ ಹೆಸರು ಬಿದ್ದಿತ್ತು. ಇನ್ನು ತಾನು ಸತ್ತರೆ ತನ್ನ ಎಲೆಗೆ ಏನು ಬಡಿಸುತ್ತಾರೆ? ತನಗೆ ಇಷ್ಟವಾದದ್ದನ್ನು ಪೂವಮ್ಮನಿಗೆ ಕೊಟ್ಟಾಯಿತಲ್ಲ! ಹೊನ್ನಮ್ಮ ಆ ದಿನ ಊಟ ಮಾಡಲಿಲ್ಲ.

ಬಡಿಸುವ ದಿನ ಯಮುನ ತಾನೇ ಒಲೆ ಮುಂದೆ ಕೂತು ಕಣಿಲೆ ಸಾರು ಮಾಡಿದಳು, ಕೊಬ್ಬರಿ ಹುರಿದು, ಜೀರಿಗೆ ಹಾಕಿ, ಅವ್ವನಿಗೆ ಎಂದು. ಆ ಘಮ ಮೂಗಿಗೆ ಬಡಿದದ್ದೇ ಹೊನ್ನಮ್ಮ ಮಳೆಗೆ ಅಡ್ಡವಾಗಿ ಎಲೆಯ ಗೊರಬೆ ತಲೆಗೇರಿಸಿ ಗದ್ದೆಗೆ ಇಳಿದಳು. ಕೆಂಚಿಯ ಗುಡಿಸಿಲಿನ ಮುಂದೆ ನಿಂತು, "ಏಡಿ ಹಿಡಿವ ಬಾ," ಎಂದಳು.

ಮುದುಕಿ ಕೆಂಚಿ ನಕ್ಕಳು. "ಈಗ ನೆನಪಾತಾ ಅವ್ವಾ?"

"ನೆನಪೂ ಇಲ್ಲೆ, ಎಂತದೂ ಇಲ್ಲೆ. ಅವ್ಳದ್ದು ಅವ್ಳು ತಿನ್ನಲಿ, ನನ್ನದ್ದು ನಂಗೆ ಬಿಡಲಿ."

ಏಡಿಯ ವಾಸನೆಯೇ ಹೊನ್ನಮ್ಮನಿಗೆ ಆಗದು. ಸೆರಗು ಮೂಗಿಗೆ ಕಟ್ಟಿಕೊಂಡು, ಶಾಪ ಹಾಕುತ್ತಲೇ, ಹಿತ್ತಿಲ ಒಲೆಯಲ್ಲಿ ಬೇಯಿಸಿದಳು. ಒಳಕೋಣೆಯಲ್ಲಿ ದೀಪ ಹಚ್ಚಿ ಆಗಿತ್ತು, ಪೂವಮ್ಮನ ಎಲೆಯಲ್ಲಿ ಕಣಿಲೆ ಹಬೆಯಾಡುತ್ತಿತ್ತು. ಹೊನ್ನಮ್ಮ ನೇರ ಒಳಗೆ ನುಗ್ಗಿ ಆ ಕಣಿಲೆಯನ್ನು ಕೈಯಿಂದಲೇ ಬಾಚಿ ಬಟ್ಟಲಿಗೆ ತುಂಬಿಕೊಂಡಳು. ಖಾಲಿಯಾದ ಜಾಗಕ್ಕೆ ಏಡಿ ಸುರಿದಳು.

"ಚಿಕ್ಕವ್ವಾ!" ಯಮುನ ಕಿರುಚಿದಳು. "ಎಂತ ಮಾಡ್ದಿರಿ?"

"ಇದ್ ಅವ್ಳ ಇಷ್ಟ. ನಿನ್ನ ಬಸುರಿಲಿ ಕದ್ದು ತಿಂದವ್ಳು, ಹಲಸಿನ ಬುಡಲಿ ಕೂತ್ಕಂಡು. ನೀರು ಕಂಡ್ರೆ ಹೆದರ್ತಿತ್ತ್, ಕೋಳಿ ಹಿಂದೆ ಹಾರುದು ಎಲ್ಲಿಂದ? ಸಿಟ್ಟು ಬಂದ್ರೆ ತೊದಲ್ತಿತ್ತ್. ಎಡಗೈಲಿ ಅರೀತಿತ್ತ್, ನೀ ಅರೀವ ಹಂಗೆನೇ." ಹೊನ್ನಮ್ಮನಿಗೆ ನಿಲ್ಲಿಸಲಾಗಲಿಲ್ಲ. ಅಷ್ಟು ವರ್ಷ ನುಂಗಿದ್ದೆಲ್ಲ ಒಂದರ ಹಿಂದೆ ಒಂದು ಹೊರಗೆ ಬಂತು.

ಯಮುನ ತನ್ನ ಎಡಗೈ ನೋಡಿಕೊಂಡು ಗೋಡೆಗೆ ಒರಗಿ ಕೂತುಬಿಟ್ಟಳು. "ಇಷ್ಟೆಲ್ಲ ಗೊತ್ತಿದ್ದೂ ಒಂದಿನ ಹೇಳ್ಲೆ ನೀವು," ಎಂದಳು, ಬಹಳ ಮೆಲ್ಲಗೆ.

ಅಷ್ಟರಲ್ಲಿ ಏಡಿಯ ವಾಸನೆ ಜಗಲಿ ಮುಟ್ಟಿತ್ತು. "ಪೂವೀ," ಎಂದು ಮೊಣ್ಣಪ್ಪ ಕರೆದ. "ಪೂವೀ, ನಂಗೂ ಒಂದು ಕಾಲು ಇಡ್." ಹುಡುಗನ ದನಿ ಅದು. ಅಂಥ ದನಿಯಲ್ಲಿ ಅವನು ಹೊನ್ನಮ್ಮನನ್ನು ಒಮ್ಮೆಯೂ ಕರೆದವನಲ್ಲ. ಅವನ ತಲೆಯಲ್ಲಿ ಉಳಿದಿದ್ದ ಬಾಳೆಲ್ಲ ತನ್ನದೇ ಆಗಿತ್ತು, ಹೆಸರೊಂದು ಮಾತ್ರ ಪೂವಮ್ಮನದ್ದು. ಈಗ ಅವಳನ್ನೇ ತಾನು ಕೈಯಾರೆ ಬೇಯಿಸಿ ಬಡಿಸಿ ವಾಪಸು ಕರೆತಂದಂತಾಯಿತು ಎಂದು ಹೊನ್ನಮ್ಮನಿಗೆ ಹೊಳೆಯಿತು. ಹೊಟ್ಟೆ ಉರಿಯಿತು, ಮೊದಲಿಗಿಂತ ಹೆಚ್ಚಾಗಿಯೇ ಉರಿಯಿತು.

ಅವಳು ಅಲ್ಲಿಯೇ, ಹಿರಿಯರ ಎಲೆಗಳ ಎದುರಿಗೇ, ಚಕ್ಕಳಮಕ್ಕಳ ಹಾಕಿ ಕೂತಳು. ಬಾಗಿಲು ಹಾಕಿರಲಿಲ್ಲ, ಯಾರೂ ಉಂಡಿರಲಿಲ್ಲ. ಬಟ್ಟಲಿಗೆ ಕೈ ಹಾಕಿ ಕಣಿಲೆಯ ದೊಡ್ಡ ತುತ್ತನ್ನು ಬಾಯಿಗಿಟ್ಟಳು.

"ಅಯ್ಯೋ ಚಿಕ್ಕವ್ವಾ, ಹಿರಿಯರು ಇನ್ನೂ..."

"ನಾ ಸತ್ತ ಮೇಲೆ ನಂಗೆ ಯಾರೂ ಬಡಿಸುದು ಬೇಡ," ಎಂದಳು ಹೊನ್ನಮ್ಮ, ಬಾಯ್ತುಂಬ ಅಗಿಯುತ್ತ, ಕಣ್ಣಲ್ಲಿ ನೀರು ಸುರಿಸುತ್ತ. "ನಂಗೆ ಈಗ ಹಸಿವಾಗ್ತುಟ್ಟು."

ಯಮುನ ಎದ್ದು ಅಡುಗೆಮನೆಗೆ ಹೋಗಿ ಕಣಿಲೆ ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಬಂದು, ಎಡಗೈಯಲ್ಲಿ ಸೌಟು ಹಿಡಿದು ಹೊನ್ನಮ್ಮನ ಬಟ್ಟಲಿಗೆ ಬಡಿಸಿದಳು.