ಬೊಬ್ಬೆಯೇಳದ ಕಾಲು

ನಾನು ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಲಿಲ್ಲ. ಲಾರಿ ಹತ್ತಿ ಹೋದೆ.

ಇಷ್ಟೇ ವಿಷಯ. ಇಷ್ಟನ್ನು ಹೇಳುವುದಕ್ಕೆ ತಲೆ ಪೂರ್ತಿ ನರೆಯಬೇಕಾಯಿತು. ನನ್ನ ಮಕ್ಕಳು, ಮೊಮ್ಮಕ್ಕಳು, ಚಂದಕವಾಡಿಯ ಅರಳಿಕಟ್ಟೆಯ ಮೇಲೆ ನನ್ನ ಜೊತೆ ಕೂರುವ ಮುದುಕರು — ಎಲ್ಲರೂ ನಂಬಿರುವ ಕಥೆ ಬೇರೆಯೇ ಇದೆ. ಅದರಲ್ಲಿ ನಾನು ಬರಿಗಾಲಿನಲ್ಲಿ, ಒಂದೇ ಒಂದು ಮುದ್ದೆ ಕಟ್ಟಿಕೊಂಡು, ಕಾಡಿನ ಕತ್ತಲಲ್ಲಿ ಒಬ್ಬನೇ ನಡೆಯುತ್ತೇನೆ. ಆನೆ ಅಡ್ಡ ನಿಲ್ಲುತ್ತದೆ. ನಾನು ಕೈಮುಗಿಯುತ್ತೇನೆ, ಅದು ಸೊಂಡಿಲೆತ್ತಿ ದಾರಿ ಬಿಡುತ್ತದೆ. ಮೊದಮೊದಲು ಅದು ಒಂಟಿ ಆನೆ. ಮಗ ಶಾಲೆಗೆ ಹೋಗುವ ಹೊತ್ತಿಗೆ ಅದಕ್ಕೊಂದು ಮರಿ ಹುಟ್ಟಿತು. ಮೊಮ್ಮಕ್ಕಳ ಕಾಲಕ್ಕೆ ದೊಡ್ಡ ಹಿಂಡೇ ಆಯಿತು. ಬಂಡೀಪುರದಲ್ಲೂ ಆನೆಗಳು ಇಷ್ಟು ಬೇಗ ಹೆಚ್ಚಿರಲಾರವು.

ಅರಳಿಕಟ್ಟೆಯಲ್ಲಿ ಇದೇನೂ ದೊಡ್ಡ ತಪ್ಪಲ್ಲ. ಅಲ್ಲಿ ಒಬ್ಬ ಉಪ್ಪು ತರಲು ತುಂಬಿದ ಹೊಳೆ ಈಜಿದವನು, ಇನ್ನೊಬ್ಬ ಮದುವೆಯ ದಿನದವರೆಗೂ ಚಪ್ಪಲಿಯನ್ನೇ ಕಾಣದವನು. ನನ್ನ ಆನೆಯ ತಂಟೆಗೆ ಅವರು ಬರುವುದಿಲ್ಲ, ಅವರ ಹೊಳೆಯ ಆಳವನ್ನು ನಾನು ಕೇಳುವುದಿಲ್ಲ. ಆದರೆ ನನ್ನ ಕಥೆ ಕಟ್ಟೆಯ ಮೇಲೆ ಹುಟ್ಟಿದ್ದಲ್ಲ — ಹರಕೆಯೊಂದರಲ್ಲಿ ಹುಟ್ಟಿದ್ದು. ಅದೇ ನನ್ನನ್ನು ಚುಚ್ಚುತ್ತಿರುವುದು.

ನಮ್ಮ ಚೊಚ್ಚಲ ಮಗು ಹಸುಗೂಸಾಗಿದ್ದಾಗ ಜ್ವರ ಬಂದು ಹಾಲು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ತಲೆ ಅಲ್ಲಾಡಿಸಿದರು. ನನ್ನ ಹೆಂಡತಿ ಪುಟ್ಟಮ್ಮಣ್ಣಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹರಕೆ ಹೊತ್ತಳು — ಕೂಸು ಉಳಿದರೆ ನಮ್ಮ ಮನೆಯವರು ಕಾಲ್ನಡಿಗೆಯಲ್ಲಿ ಬೆಟ್ಟಕ್ಕೆ ಬರುತ್ತಾರೆ ಎಂದು. ಮಗು ಉಳಿಯಿತು. ಮಹದೇವ ಎಂದೇ ಹೆಸರಿಟ್ಟೆವು. ಆ ಶಿವರಾತ್ರಿಗೆ ನಾನು ಹೊರಡಬೇಕಾಯಿತು.

ಊರಿನ ಗುಂಪು ಮುಂಚೆಯೇ ಹೊರಟಿತು. ಗದ್ದೆಗೆ ನೀರು ಕಟ್ಟುವ ಸರದಿ ಇದ್ದುದರಿಂದ ನಾನು ಹಿಂದೆ ಉಳಿದೆ, ಬಿರಬಿರನೆ ನಡೆದು ಸೇರಿಕೊಳ್ಳುತ್ತೇನೆಂದೆ. ಚಾಮರಾಜನಗರ ದಾಟಿದೆನೋ ಇಲ್ಲವೋ — ಬಿಸಿಲು ನೆತ್ತಿಗೆ ಬಂತು, ಕಾಲು ಸುಟ್ಟಿತು. ಬಿದಿರು ತುಂಬಲು ಖಾಲಿ ಹೋಗುತ್ತಿದ್ದ ಲಾರಿಯೊಂದು ಪಕ್ಕದಲ್ಲಿ ನಿಂತಿತು. ‘ಬೆಟ್ಟುಕ್ಕೇನಣ್ಣ? ಹತ್ಕಳಿ’ ಎಂದ ಡ್ರೈವರ್. ಸ್ವಲ್ಪ ದೂರ ಮಾತ್ರ ಎಂದುಕೊಂಡೆ. ಆ ಸ್ವಲ್ಪ ದೂರ ಬೆಟ್ಟದ ಬುಡದ ತಾಳಬೆಟ್ಟದವರೆಗೂ ಮುಗಿಯಲಿಲ್ಲ. ಅಲ್ಲಿಂದ ಮೇಲಕ್ಕೆ ಬಸ್ಸೇ ಇತ್ತಲ್ಲ!

ಫಜೀತಿಯಾದದ್ದು ಮೇಲೆ ತಲುಪಿದಾಗ. ಮೊದಲು ಹೊರಟ ಗುಂಪು ಇನ್ನೂ ಬಂದೇ ಇಲ್ಲ! ಅವರು ಬರುವವರೆಗೆ ದಾಸೋಹದಲ್ಲಿ ಉಣ್ಣುತ್ತಾ, ಮಂಟಪದ ನೆರಳಲ್ಲಿ ಮಲಗುತ್ತಾ ಕಾಲ ಕಳೆದೆ. ಕೊನೆಗೆ ಕುಂಟುತ್ತಾ ಬಂದವರು ನನ್ನನ್ನು ಕಂಡು ಬೆರಗಾದರು. ‘ರಾತ್ರಿಯೆಲ್ಲ ಕಾಡ್ದಾರೀಲೇ ನಡ್ದು ನಿಮ್ಮುನ್ನ ದಾಟ್ಬುಟ್ಟೆ’ ಎಂದೆ. ‘ಒಬ್ನೇನ್ಲಾ? ಆನೆ ಇರ್ನಿಲ್ವಾ?’ ಎಂದರು. ಇರಲಿಲ್ಲ ಎಂದರೆ ನಂಬುವವರು ಯಾರು? — ಇತ್ತು ಎಂದೆ. ನನ್ನ ಆನೆ ಹುಟ್ಟಿದ್ದು ಹಾಗೆ.

ಸುದ್ದಿ ನನಗಿಂತ ಮೊದಲು ಊರು ಸೇರಿತ್ತು. ನಡೆದು ಹರಕೆ ತೀರಿಸಿ ಬಂದವರ ಕಾಲನ್ನು ಮನೆಯವರು ಬಿಸಿನೀರಿನಲ್ಲಿ ತೊಳೆದು ಒಳಗೆ ಕರೆದುಕೊಳ್ಳುವುದು ನಮ್ಮ ಮನೆಯ ಪದ್ಧತಿ. ಪುಟ್ಟಮ್ಮಣ್ಣಿ ಬಾಗಿಲಲ್ಲೇ ಕೂತು ನನ್ನ ಕಾಲು ತೊಳೆದಳು. ಅಂಗಾಲನ್ನು ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿ, ಹಣೆಗೊತ್ತಿಕೊಂಡಳು. ಭಕ್ತಿಯೆಂದುಕೊಂಡೆ ನಾನು.

ಆಮೇಲೆ ಆ ಕಥೆಯನ್ನು ದುಡಿಸಿಕೊಂಡೆ ನೋಡಿ — ಎತ್ತನ್ನೂ ಯಾರೂ ಅಷ್ಟು ದುಡಿಸಿಕೊಂಡಿರಲಾರರು. ಮಗ ಸೈಕಲ್ ಕೇಳಿದರೆ ಆನೆ. ಕರೆಂಟು ಹೋಯಿತೆಂದು ಮಕ್ಕಳು ಗೊಣಗಿದರೆ ಕಾಡಿನ ಕತ್ತಲೆ. ಡಿಗ್ರಿ ಓದುವ ಮೊಮ್ಮಗಳು ಸ್ಫೂರ್ತಿ ಕಾಲೇಜಿನ ಬಸ್ಸಿನಲ್ಲಿ ನಿಂತೇ ಬರಬೇಕೆಂದು ದೂರಿದರೆ, ‘ಬಸ್ಸಾದ್ರೂ ಅದೆಯಲ್ಲವ್ವ ನಿಂಗೆ’ ಎಂದು ನಿಟ್ಟುಸಿರು ಬಿಡುತ್ತಿದ್ದೆ. ಆ ನಿಟ್ಟುಸಿರನ್ನು ಚೆನ್ನಾಗಿ ಬಿಡುತ್ತಿದ್ದೆ, ಸುಳ್ಳು ಹೇಳಬಾರದು.

ಮಾಡಿದ್ದುಣ್ಣೋ ಮಹರಾಯ — ಈ ವರ್ಷ ಸ್ಫೂರ್ತಿ ಗೆಳತಿಯರ ಜೊತೆ ಬೆಟ್ಟಕ್ಕೆ ನಡೆಯುತ್ತೇನೆಂದಳು. ‘ನಮ್ ತಾತಂಗೆ ಕಾಡ್ದಾರಿ ಪೂರ್ತಿ ಗೊತ್ತು’ ಎಂದು ಎಲ್ಲರಿಗೂ ಹೇಳಿಯೂ ಬಿಟ್ಟಿದ್ದಾಳೆ. ಸಂಜೆ ಜಗಲಿಯಲ್ಲಿ ನನ್ನ ಮುಂದೆ ಕೂತು ಕೇಳಿದಳು.

‘ತಾತ, ತಾಳಬೆಟ್ಟ ಬಿಟ್ಮೇಲೆ ಕುಡಿಯಕ್ಕೆ ನೀರು ಎಲ್ಲಿ ಸಿಕ್ತು ನಿಮಗೆ?’

‘ನೀರಿಗೇನವ್ವ, ದಾರಿಯುದ್ದಕ್ಕೂ ಹಳ್ಳ’ ಎಂದೆ ನಾನು.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಪುಟ್ಟಮ್ಮಣ್ಣಿ ತಲೆ ಎತ್ತಲಿಲ್ಲ. ‘ಅಳ್ಳ ಒಣಗೋಗಿತ್ತು ಕಣಮ್ಮಿ. ತಾಳಬೆಟ್ಟದಲ್ಲೇ ತುಂಬ್ಕೊಂಡು ಒಂಟ್ಬುಡಿ’ ಎಂದಳು.

ಅಷ್ಟರಲ್ಲಿ ಫೋನು ಬಂದು ಹುಡುಗಿ ಬೀದಿಗೆ ಹೋದಳು. ನಾನು ಮೆಲ್ಲಗೆ ಕೇಳಿದೆ — ‘ನಿಂಗೆಂಗೆ ಗೊತ್ತು?’

‘ಓಗಿದ್ನಲ್ಲ. ನೀವು ಓಗಿ ಬಂದ ಮಾರ್ನೇ ವರ್ಸ. ನಡ್ಕೊಂಡೇ.’

ಅವಳು ಕಾಯಿ ಸುಲಿಯುತ್ತಲೇ ಇದ್ದಳು.

‘ಅವತ್ತು ಕಾಲ್ ತೊಳ್ದೋಳು ನಾನಲ್ವಾ? ಬಾಣ್ತಿ ಕಾಲಿದ್ದಂಗಿತ್ತು. ಒಂದ್ ಬೊಬ್ಬೆ ಇರ್ನಿಲ್ಲ. ಮಗೀನ ಅರಕೆ, ಬಾಕಿ ಇರ್ಸಕ್ಕಾಯ್ತದಾ?’

‘ಯಾಕ್ ಏಳ್ನಿಲ್ಲ ನೀನು?’

‘ಮಾದಪ್ಪಂಗೆ ಗೊತ್ತಿತ್ತು, ನಂಗ್ ಗೊತ್ತಿತ್ತು. ಇನ್ಯಾರ್ಗ್ ಏಳ್ಬೇಕಿತ್ತು?’

ಆ ವರ್ಷ ಅವಳು ಶಿವರಾತ್ರಿಗೆ ತವರಿಗೆ ಹೋಗುತ್ತೇನೆಂದು ಹೇಳಿದ್ದಳು — ಗುಂಡ್ಲುಪೇಟೆ ಕಡೆಯ ಭೀಮನಬೀಡು ಅವಳ ತವರು. ಹೋಗಿದ್ದೂ ನಿಜ. ಉಳಿದದ್ದನ್ನು ಈಗ ಒಂದೊಂದಾಗಿ ಕೆದಕಿ ಕೇಳಿ ತಿಳಿದೆ. ಮಗುವನ್ನು ತಾಯಿಯ ಹತ್ತಿರ ಬಿಟ್ಟು, ಆ ಊರಿನ ಹೆಂಗಸರ ಜೊತೆ ಸೇರಿ ಅಲ್ಲಿಂದಲೇ ನಡೆದಿದ್ದಾಳೆ. ನಮ್ಮೂರಿಗಿಂತಲೂ ದೂರದ ದಾರಿ. ಚಾಮರಾಜನಗರದ ಪೇಟೆಯಲ್ಲಿ, ಪರಿಚಯದವರ ಕಣ್ಣಿಗೆ ಬಿದ್ದೇನೆಂದು ಹೆದರಿ ಸೆರಗನ್ನು ಮುಖಕ್ಕೆಳೆದುಕೊಂಡು ನಡೆದಿದ್ದಾಳೆ — ನನ್ನ ಮಾನ ಉಳಿಸಲು.

ಆಗ ನನಗೆ ಒಂದು ನೆನಪಾಯಿತು — ಆಗದಿದ್ದರೇ ಚೆನ್ನಾಗಿತ್ತು. ತವರಿನಿಂದ ಬಂದ ಅವಳು ಕುಂಟುತ್ತಿದ್ದಳು. ಕೇಳಿದ್ದಕ್ಕೆ, ಅಣ್ಣನ ಹೊಲದಲ್ಲಿ ಕೂಳೆ ಚುಚ್ಚಿತು ಎಂದಿದ್ದಳು. ಆಗ ನಾನು ಏನೆಂದೆ ಗೊತ್ತೇ? ‘ಇಷ್ಟುಕ್ಕೇ ಕುಂಟ್ತಿಯಲ್ಲ! ಬೆಟ್ಟುಕ್ ನಡ್ದಿದ್ರೆ ಏನಾಯ್ತಿದ್ದೆ?’ ಎಂದು, ಆ ಕಾಲಿನ ಎದುರೇ ಕೂತು, ನನ್ನ ಆನೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ್ದೆ. ಅವಳು ಪೂರ್ತಿ ಕೇಳಿದ್ದಳು. ಲಾರಿ ಹತ್ತಿದ್ದನ್ನು ಮಾದಪ್ಪ ಕ್ಷಮಿಸಿಯಾನು. ಇದನ್ನು ಕ್ಷಮಿಸು ಎಂದು ಯಾವ ಬಾಯಲ್ಲಿ ಕೇಳಲಿ? ನಾಚಿಕೆಯಾಗುತ್ತದೆ.

ಸ್ಫೂರ್ತಿ ಬೀದಿಯಿಂದ ಬಂದ ಕೂಡಲೇ ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ — ಹಳೆಯ ಚಟ ನೋಡಿ — ‘ಲಾರಿ ಅಂದ್ರೆ ಸುಖ ಅನ್ಕಬ್ಯಾಡ ಕಣವ್ವ, ಅದುಕ್ಕೆ ಬ್ರೇಕೇ ಇರ್ನಿಲ್ಲ...’ ಎಂದು ಶುರುಮಾಡಿದೆ. ಪುಟ್ಟಮ್ಮಣ್ಣಿ ಕತ್ತೆತ್ತಿ ನೋಡಿದಳು. ‘ಬ್ರೇಕ್ ಇತ್ತು’ ಎಂದೆ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸುಸ್ತಾದ ಮೇಲೆ ಅಜ್ಜಿಯ ಕಡೆ ತಿರುಗಿ, ದಾರಿ ಹೇಗಿತ್ತು ಎಂದು ಕೇಳಿದಳು. ನಾನೂ ಕಿವಿ ನಿಮಿರಿಸಿದೆ.

‘ದೂರ ಇತ್ತು ಕಣಮ್ಮಿ. ಓದೆ, ಬಂದೆ.’

ನಡೆದವಳ ಕಥೆ ಅಷ್ಟೇ ಇತ್ತು.

ನಾನು ಎದ್ದು ಬಚ್ಚಲಿಗೆ ಹೋಗಿ ಹಂಡೆಯಿಂದ ಬಿಸಿನೀರು ತಂದೆ. ತಂದು ಅವಳ ಮುಂದಿಟ್ಟು ಕೂತೆ. ‘ಇದೇನ್ರೀ, ಉಡ್ಗಿ ನೋಡ್ತದೆ, ಸುಮ್ಕಿರಿ’ ಎಂದು ಕಾಲೆಳೆದುಕೊಂಡಳು. ನೋಡಲಿ, ನೋಡಬೇಕಾದ್ದೇ ಎಂದೆ. ಕಾಲು ತೊಳೆದು, ಅವಳು ಅಂದು ಮಾಡಿದ ಹಾಗೆಯೇ ಅಂಗಾಲನ್ನು ತಿರುಗಿಸಿ ನೋಡಿದೆ. ಒಡೆದ ಹಿಮ್ಮಡಿ ಇತ್ತು. ಬೊಬ್ಬೆಗಳು ಇರಲಿಲ್ಲ — ಎಷ್ಟೋ ವರ್ಷಗಳ ಹಿಂದೆ, ನಾನು ಆನೆಯ ಕಥೆ ಹೇಳುತ್ತಿದ್ದಾಗಲೇ, ಅವು ತಮ್ಮಷ್ಟಕ್ಕೆ ಒಣಗಿ ಹೋಗಿದ್ದವು.