ಮುರುಗೇಶಪ್ಪನ ಚೀಟಿ, ವಜೀರಾಳ ಕೆಮ್ಮು

ಭದ್ರಾವತಿ ನ್ಯೂಟೌನಿನ ಕ್ವಾರ್ಟರ್ಸ್ ಸಾಲಿನಲ್ಲಿ ಶಂಕರಮ್ಮ ಸುಮ್ಮನೆ ಕೂತಿದ್ದನ್ನು ಕಂಡವರು ಕಡಿಮೆ. ನವುಲೆಯಲ್ಲಿ ಹುಟ್ಟಿ, ಕಾರ್ಖಾನೆಯ ಮುರುಗೇಶಪ್ಪನನ್ನು ಕಟ್ಟಿಕೊಂಡು ಬಂದ ಮೇಲೆ ಇಪ್ಪತ್ತೆರಡು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡೇ ಬದುಕಿದ ಹೆಂಗಸು. ಒಬ್ಬರ ಮನೆಯ ಬಾಣಂತಿಗೆ ನೀರು ಹಾಕಬೇಕು, ಇನ್ನೊಬ್ಬರಿಗಾಗಿ ಸೀಮೆಎಣ್ಣೆ ಕ್ಯೂ ನಿಲ್ಲಬೇಕು, ಮೂರನೆಯವರ ಜಗಳ ಬಿಡಿಸಬೇಕು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಗಂಡ ಗೊಣಗುತ್ತಿದ್ದ. ಗೊಣಗುತ್ತಲೇ ಅವಳು ಹೇಳಿದ್ದನ್ನು ಮಾಡುತ್ತಿದ್ದ, ಪಾಪ.

ಅವನಿಗೆ ಹೇಳುತ್ತಿದ್ದ ಕೆಲಸಗಳಲ್ಲಿ ಒಂದು ಮಾತ್ರ ವಿಚಿತ್ರದ್ದು. ಕಾರ್ಡ್ ಇದ್ದ ನೌಕರರಿಗೆ ಕಾರ್ಖಾನೆ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ. ಕಾರ್ಡಿಲ್ಲದ ನೆರೆಯವರು ಕಾಯಿಲೆ ಬಿದ್ದರೆ ಆ ಕಾಯಿಲೆಯನ್ನು ಮುರುಗೇಶಪ್ಪ ಹೊತ್ತುಕೊಂಡು ಡಾಕ್ಟರ ಮುಂದೆ ಹೋಗಬೇಕು. ಯಾರದೋ ಹೊಟ್ಟೆನೋವು, ಯಾರದೋ ಸೊಂಟನೋವು, ಎಲ್ಲವೂ ಅವನದಾಗಿತ್ತು. ಆ ಸಾಲಿನಲ್ಲಿ ಎಷ್ಟೋ ಮನೆಯವರು ಹೀಗೇ ಮಾಡುತ್ತಿದ್ದರು, ತಪ್ಪು ಎಂದು ಯಾರಿಗೂ ಅನ್ನಿಸಿರಲಿಲ್ಲ.

1999ರ ನವೆಂಬರಿನಲ್ಲಿ ಹಿಂದಿನ ಬೀದಿಯ ವಜೀರಾಳಿಗೆ ಕೆಮ್ಮು ಹಿಡಿಯಿತು. ಹಳದಿ ಕಫ, ಸಂಜೆಯಾದರೆ ಜ್ವರ. ಗಂಡ ಅಲ್ಲಾಬಕ್ಷ್ ಲಾರಿಯಲ್ಲಿ ಶಿವಮೊಗ್ಗಕ್ಕೆ ಲೋಡು ಹೊಡೆಯುತ್ತಿದ್ದ, ಮಗಳು ಅತೀಕಾ ಸ್ಕೂಲಿಗೆ ಹೋಗುತ್ತಿದ್ದಳು. ರಂಜಾನ್ ಹತ್ತಿರ ಬಂದಿದ್ದರಿಂದ ವಜೀರಾಳ ಹೊಲಿಗೆ ಮಷೀನಿನ ಪಕ್ಕ ಬಟ್ಟೆಯ ಗುಡ್ಡೆ ಬಿದ್ದಿತ್ತು.

"ಡಾಕ್ಟ್ರ ಹತ್ರ ಕೂತ್ರೆ ಅರ್ಧ ದಿನ ಹೋಗುತ್ತೆ ಅಕ್ಕಾ. ಇಷ್ಟು ಬಟ್ಟೆ ಯಾರು ಹೊಲೀತಾರೆ?" ಅಂದಳು.

"ನೀನು ಯಾಕೆ ಹೋಗ್ತೀಯ ಮಾರಾಯ್ತಿ, ನಮ್ಮೆಜಮಾನ್ರು ಇಲ್ವಾ?" ಅಂದಳು ಶಂಕರಮ್ಮ.

ಮರುದಿನ ಬೆಳಿಗ್ಗೆ, ಸೆಕೆಂಡ್ ಶಿಫ್ಟಿಗೆ ಮುಂಚೆ, ಮುರುಗೇಶಪ್ಪ ಡಾಕ್ಟರ್ ರೇಣುಕಾಪ್ರಸಾದ್ ಮುಂದೆ ಹೋಗಿ ಚೆನ್ನಾಗಿ ಕೆಮ್ಮಿದ. ಬೀಡಿ ಸೇದಿ ಸೇದಿ ಅವನ ಎದೆ ಹೇಗೂ ಗರಗರ ಅನ್ನುತ್ತಿತ್ತು. ಡಾಕ್ಟರು ಏನೇನೋ ಕೇಳಿ, ಐದು ದಿನಕ್ಕೆ ಮಾತ್ರೆ ಬರೆದು, "ಊಟ ಆದ್ಮೇಲೆ ತಗೋ. ಕೆಮ್ಮು ಕಮ್ಮಿ ಆಯ್ತು ಅಂತ ನಡುವೆ ಬಿಡಬೇಡ" ಎಂದು ಎರಡು ಸಲ ಹೇಳಿ ಕಳಿಸಿದರು. ಶಂಕರಮ್ಮ ಮಾತ್ರೆ ಕಸಿದುಕೊಂಡು ಓಡಿದಳು. ವಜೀರಾಳಿಗೆ ತಾನೇ ಅನ್ನ ಬಡಿಸಿ, ಮಾತ್ರೆ ನುಂಗಿಸಿ, ಗಂಡನಿಗೆ ಊಟಕ್ಕಿಡಲು ವಾಪಸ್ ಓಡಿದಳು.

ಮುರುಗೇಶಪ್ಪ ಸಾರನ್ನ ಕಲಸುತ್ತಾ ನಕ್ಕ. "ಡಾಕ್ಟ್ರು ಇವತ್ತು ಪೊಲೀಸ್ನೋರ ತರ ಕೇಳಿದ್ರು ಕಣೆ. ಕಾಮಾಲೆ ಆಗಿತ್ತಾ, ಪೆನ್ಸಿಲಿನ್ ನಿಂಗೆ ಆಗಲ್ವಾ ಅಂತ. ಕಬ್ಬಿಣ ತಿಂದ್ರೂ ಜೀರ್ಣ ಆಗುತ್ತೆ ಸಾರ್ ಅಂದೆ."

ಬಡಿಸುತ್ತಿದ್ದ ಶಂಕರಮ್ಮ ಸೌಟು ಕೆಳಗಿಟ್ಟಳು. ಪೆನ್ಸಿಲಿನ್! ಅತೀಕಾ ಹುಟ್ಟಿದಾಗ ಶಿವಮೊಗ್ಗದ ನರ್ಸಿಂಗ್ ಹೋಮಿನಲ್ಲಿ ಆ ಇಂಜೆಕ್ಷನ್ ಕೊಟ್ಟು ವಜೀರಾಳ ಮುಖ ಕುಂಬಳಕಾಯಿಯಾಗಿತ್ತು. ಜೀವ ಇರುವವರೆಗೂ ಅದನ್ನು ಮುಟ್ಟಬೇಡ ಎಂದಿದ್ದರಂತೆ. ಬಾಣಂತನಕ್ಕೆ ಹೋಗಿದ್ದಾಗ ಆ ಕಥೆಯನ್ನೆಲ್ಲ ಕೇಳಿ ಕಣ್ಣೀರು ಹಾಕಿದ್ದವಳು ಇದೇ ಶಂಕರಮ್ಮ.

"ಆಟೋ ತನ್ನಿ! ಊಟ ಹಾಳಾಗ್ಲಿ, ಆಟೋ ತನ್ನಿ!" ಎಂದು ಕಿರುಚಿ ಓಡಿದಳು.

ವಜೀರಾ ಮಷೀನಿನ ಮೇಲೆ ಒರಗಿದ್ದಳು. ಕುತ್ತಿಗೆಯ ತುಂಬಾ ಕೆಂಪು ದದ್ದು, ತುಟಿ ಊದಿತ್ತು, ಉಸಿರು ಸುಂಯ್ ಅನ್ನುತ್ತಿತ್ತು. ಮುರುಗೇಶಪ್ಪ ಆಟೋ ತಂದದ್ದೇ, ಇಬ್ಬರೂ ಹೊತ್ತುಕೊಂಡು ಹೋಗಿ ಅದರಲ್ಲಿ ಹಾಕಿದರು. ರಸ್ತೆಯಲ್ಲಿ ಶಿಫ್ಟಿಗೆ ಹೊರಟ ಸೈಕಲ್ಲುಗಳು ಒತ್ತಾಗಿ ಹೋಗುತ್ತಿದ್ದವು, ಒಬ್ಬನೂ ದಾರಿ ಬಿಡಲೊಲ್ಲ. ಶಂಕರಮ್ಮ ಆಟೋದಿಂದ ತಲೆ ಹೊರಗೆ ಹಾಕಿ ಸಿಕ್ಕವರಿಗೆಲ್ಲ ಬೈದಳು. ದೇವರೇ, ಇವಳನ್ನು ನನ್ನ ಕೈಯಾರೆ ಕೊಂದೆನೇ?

ಮುರುಗೇಶಪ್ಪ ಮೆಲ್ಲಗೆ ಬಾಯಿಬಿಟ್ಟ. "ನಿಜ ಹೇಳಿದ್ರೆ ನನ್ನ ಕೆಲ್ಸ ಹೋಗುತ್ತೆ ಕಣೆ. ಮನೇಲಿ ಇಟ್ಟಿದ್ದೆ, ಇವ್ಳೇ ತಿಳೀದೆ ನುಂಗಿದ್ಲು ಅಂದ್ಬಿಡೋಣ."

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವಳು ಶಂಕರಮ್ಮ, ಕಚ್ಚಿಸಿಕೊಂಡವಳು ವಜೀರಾ. ಇನ್ನು ತಪ್ಪನ್ನೂ ಅವಳ ತಲೆಗೇ ಕಟ್ಟುವುದೇ?

ಆಸ್ಪತ್ರೆಯಲ್ಲಿ ಡಾಕ್ಟರು ವಜೀರಾಳನ್ನು ನೋಡಿದರು, ಮುರುಗೇಶಪ್ಪನನ್ನು ನೋಡಿದರು. "ಏನು ತಗೊಂಡ್ರು ಇವ್ರು?"

"ಬೆಳಿಗ್ಗೆ ಇವ್ರಿಗೆ ಕೊಟ್ಟ ಮಾತ್ರೆ ಸಾರ್" ಎಂದು ಶಂಕರಮ್ಮ ಗಂಡನನ್ನು ತೋರಿಸಿದಳು. "ಕೆಮ್ಮು ಇವ್ರದ್ದಲ್ಲ, ಇವಳದ್ದು. ನಾನೇ ಸುಳ್ಳು ಹೇಳಿಸ್ದೆ. ಇವಳಿಗೆ ಪೆನ್ಸಿಲಿನ್ ಆಗಲ್ಲ, ನಂಗೆ ಗೊತ್ತಿತ್ತು. ಈ ಮಾತ್ರೇಲಿ ಅದಿರುತ್ತೆ ಅಂತ ಗೊತ್ತಿರ್ಲಿಲ್ಲ."

ಡಾಕ್ಟರು ತಕ್ಷಣ ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಆಕ್ಸಿಜನ್ ಹಾಕಿಸಿದರು. ಉಸಿರು ಹದಕ್ಕೆ ಬಂದ ಮೇಲೆಯೇ ಅವರ ಸಿಟ್ಟು ಹೊರಗೆ ಬಂತು.

"ಎರಡು ಔಷಧಿ ಸೇರಿಸಿ ಮಾಡಿದ ಮಾತ್ರೆ ಅದು. ಹೆಸರು ಬೇರೆ ಇರ್ಬಹುದು, ಅದ್ರಲ್ಲಿ ಒಂದು ಪೆನ್ಸಿಲಿನ್ ಕುಲದ್ದೇ. ಅದಕ್ಕೇ ಅಲ್ವಾ ನಾನು ಅಷ್ಟು ಕೇಳಿದ್ದು? ಕಾಯಿಲೆ ಒಬ್ರದ್ದು, ಉತ್ತರ ಇನ್ನೊಬ್ರದ್ದು! ಇನ್ನರ್ಧ ಗಂಟೆ ತಡ ಆಗಿದ್ರೆ?"

ಮುರುಗೇಶಪ್ಪನಿಗೆ ಆಮೇಲೆ ಮೆಮೊ ಬಂದದ್ದು, ಅವನು ಹದಿನೈದು ದಿನ ಸಸ್ಪೆಂಡ್ ಆಗಿ ಮನೆಯಲ್ಲಿ ಕೂತದ್ದು ಬೇರೆ ಮಾತು. ಅವತ್ತು ಸಂಜೆ ಶಂಕರಮ್ಮನಿಗೆ ಅದ್ಯಾವುದೂ ತಲೆಯಲ್ಲಿರಲಿಲ್ಲ. ವಾರ್ಡಿನ ಬಾಗಿಲಿಗೂ ಮಂಚಕ್ಕೂ ಅಲೆದಾಡುತ್ತಿದ್ದಳು. ವಜೀರಾ ಕಣ್ಣು ಬಿಟ್ಟದ್ದೇ ತಡ, ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳು.

"ಬೈಯಿ ಮಾರಾಯ್ತಿ. ಬಾಯಿಗೆ ಬಂದಂಗೆ ಬೈದ್ಬಿಡು."

ವಜೀರಾ ಊದಿದ ತುಟಿಯಲ್ಲೇ ನಿಧಾನವಾಗಿ ಹೇಳಿದಳು.

"ಇದು ಯಾವ ಮಾತ್ರೆ ಅಂತ ಕೇಳೋಣ ಅಂತ ಬಾಯಿವರೆಗೂ ಬಂದಿತ್ತು ಅಕ್ಕಾ. ನನ್ನ ಕಥೆಯೆಲ್ಲ ನಿಮಗೆ ಗೊತ್ತಲ್ಲ ಅಂತ ಕೇಳದೆ ನುಂಗಿದೆ."